ನಕಲಿ ಮಾಲು ಬಂದರೆ ದುಡ್ಡು ಯಾರನ್ನು ಕೇಳಬೇಕು?

ವಿ.ಪಿ. ಪಾರ್ಸೆಲ್ ನೆನಪಿದೆಯಾ? ಪೇಪರಿನ ಜಾಹೀರಾತು ನೋಡಿ ಒಂದು ಕಾರ್ಡ್ ಬರೆದರೆ ಸಾಕು, ಸಾಮಾನು ಮನೆ ಬಾಗಿಲಿಗೆ ಬರುತ್ತಿತ್ತು. ಆದರೆ ಮೊದಲು ಪೋಸ್ಟ್‌ಮ್ಯಾನ್ ಕೈಗೆ ದುಡ್ಡು, ಆಮೇಲೆ ಬಿಚ್ಚುವುದು. ರೇಡಿಯೊ ತರಿಸಿದರೆ ಇಟ್ಟಿಗೆ ಬಂತು ಅನ್ನೋ ಕಥೆ ಎಷ್ಟೋ ಊರುಗಳಲ್ಲಿತ್ತು. ಪೋಸ್ಟ್‌ಮ್ಯಾನನ್ನು ಬೈದು ಏನು ಪ್ರಯೋಜನ? ಅವನು ತಂದುಕೊಟ್ಟವನಷ್ಟೇ. ಮಾರಿದವನು ಯಾವುದೋ ದೂರದ ಊರಿನ ಪೋಸ್ಟ್ ಬಾಕ್ಸ್ ನಂಬರ್.

1877ರಲ್ಲಿ ಶುರುವಾದ ಆ ವ್ಯವಸ್ಥೆಯ ಹಳೇ ತಕರಾರೇ ಈಗ ಮೊಬೈಲಿನಲ್ಲಿ ಮಾಡುವ ಖರೀದಿಗೂ ಬಂದಿದೆ.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಬೀದಿಯ ಅಂಗಡಿ. ನಕಲಿ ಸರಕು ಎಂದರೇನು ಅನ್ನುವುದು ಆ ಕಾಯ್ದೆಗೆ ಸೇರಿದ್ದೇ 2002ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದಿತ್ತು. ಅದರ 79ನೇ ಸೆಕ್ಷನ್ ಮಧ್ಯವರ್ತಿಗಳಿಗೆ ರಕ್ಷಣೆ ಕೊಡುತ್ತದೆ. ಬೇರೆಯವರು ಹಾಕಿದ್ದಕ್ಕೆ ಜಾಲತಾಣ ಹೊಣೆಯಲ್ಲ, ಕೆಲವು ಷರತ್ತು ಪಾಲಿಸಿದರೆ.

2007ರಲ್ಲಿ ಬೆಂಗಳೂರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಶುರುಮಾಡಿದಾಗ ಈ ಗೋಜಲು ಇಷ್ಟಿರಲಿಲ್ಲ. 2013ರ ಹೊತ್ತಿಗೆ ಫ್ಲಿಪ್‌ಕಾರ್ಟ್, ಹೊಸದಾಗಿ ಬಂದ ಅಮೆಜಾನ್, ಎರಡೂ ‘ಮಾರ್ಕೆಟ್‌ಪ್ಲೇಸ್’ ಆದವು. ಅಂದರೆ ಸಂತೆ ಮೈದಾನ ಇವರದು, ಮಾಲು ಬೇರೆಯವರದು. ವಿದೇಶಿ ಬಂಡವಾಳದ ನಿಯಮವೂ ಇದಕ್ಕೇ ತಕ್ಕಂತಿತ್ತು. 2016ರಲ್ಲಿ ಸರ್ಕಾರ ಇದನ್ನು ಬರವಣಿಗೆಯಲ್ಲೇ ಹೇಳಿತು: ವಾರಂಟಿ, ಗ್ಯಾರಂಟಿ, ಮಾರಿದ ನಂತರದ ಹೊಣೆ ಎಲ್ಲವೂ ಮಾರಾಟಗಾರನದು. ನಾವೋ, ಆ್ಯಪ್‌ನ ಹೆಸರು ನಂಬಿ ಕೊಂಡವರು. ಮಾರಾಟಗಾರನ ಹೆಸರು ಯಾರು ಓದುತ್ತಾರೆ, ಅಲ್ವಾ?

ಕೋರ್ಟಿಗೆ ಹೋಗಿ ಸದ್ದು ಮಾಡಿದವರು ಬ್ರಾಂಡ್‌ನವರು. ಕ್ರಿಶ್ಚಿಯನ್ ಲೂಬುಟಾನ್ ಎಂಬ ದುಬಾರಿ ಶೂ ಬ್ರಾಂಡ್‌ನ ಪ್ರಕರಣದ 2018ರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್, ವ್ಯವಹಾರದಲ್ಲಿ ಸಕ್ರಿಯವಾಗಿ ಕೈಯಾಡಿಸುವ ತಾಣ ಬರೀ ಮಧ್ಯವರ್ತಿ ಅಂತ ಹೇಳಿಕೊಂಡು ಪಾರಾಗುವಂತಿಲ್ಲ ಎಂದಿತು. 2020ರ ಆಮ್‌ವೇ ಪ್ರಕರಣದಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ, ಸಕ್ರಿಯ–ನಿಷ್ಕ್ರಿಯ ಅನ್ನುವ ಭೇದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೇ ಇಲ್ಲ ಎಂದುಬಿಟ್ಟಿತು. ಕೊಂಡವನ ದುಡ್ಡಿನ ಮಾತು ಎರಡು ಜಗಳದ ನಡುವೆಯೂ ಇರಲಿಲ್ಲ.

ಅದು ನೇರವಾಗಿ ಬಂದದ್ದು 2020ರ ಜುಲೈನಲ್ಲಿ, ಇ-ಕಾಮರ್ಸ್ ನಿಯಮಗಳಲ್ಲಿ. ಮಾಲು ನಕಲಿಯಾಗಿದ್ದರೆ, ದೋಷವಿದ್ದರೆ, ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ವಾಪಸ್ ತಗೊಳ್ಳಲು, ದುಡ್ಡು ಕೊಡಲು ನಿರಾಕರಿಸುವಂತಿಲ್ಲ. ತಾಣಕ್ಕೆ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಮಾರಾಟಗಾರನ ಹೆಸರು, ವಿಳಾಸ ತೋರಿಸಬೇಕು. ಆದರೆ ಗಮನಿಸಿ, ದುಡ್ಡು ಕೊಡುವ ಹೊಣೆ ಇಲ್ಲೂ ಮಾರಾಟಗಾರನದೇ. ಅವನು ಅಂಗಡಿ ಮುಚ್ಚಿ ಇನ್ನೊಂದು ಹೆಸರಲ್ಲಿ ಕೂತರೆ?

2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಗಂಟಿಗೆ ಕೈ ಹಾಕಿತು. ಕಡ್ಡಾಯ ಗುಣಮಟ್ಟ ಪಾಲಿಸದ ಪ್ರೆಶರ್ ಕುಕ್ಕರ್‌ಗಳು ಅಮೆಜಾನ್‌ನಲ್ಲಿ ಮಾರಾಟವಾಗಿದ್ದವು. ಇವು ನಕಲಿ ಬ್ರಾಂಡ್ ಅಲ್ಲ, ಆದರೂ ಪ್ರಶ್ನೆ ಅದೇ. ಮಾರಾಟವಾದ 2,265 ಕುಕ್ಕರ್‌ಗಳನ್ನು ಕೊಂಡ ಎಲ್ಲರಿಗೂ ತಿಳಿಸಿ, ಅವನ್ನು ವಾಪಸ್ ತರಿಸಿ, ದುಡ್ಡು ಕೊಡಿ ಎಂದು ಆದೇಶಿಸಿ 1 ಲಕ್ಷ ರೂಪಾಯಿ ದಂಡ ಹಾಕಿತು. ಆ ಮಾರಾಟದಿಂದ ತಾಣಕ್ಕೆ 6 ಲಕ್ಷಕ್ಕೂ ಜಾಸ್ತಿ ಶುಲ್ಕ ಬಂದಿತ್ತು! ಅಮೆಜಾನ್ ದೆಹಲಿ ಹೈಕೋರ್ಟಿಗೆ ಹೋಯಿತು.

ನನಗೆ ಕಾಣುವಂತೆ, ನಮ್ಮಂಥವರಿಗೆ ನಿಜಕ್ಕೂ ಸಿಕ್ಕ ಬಲ ಬೇರೆ ಕಡೆ ಇದೆ. 1986ರ ಹಳೇ ಕಾಯ್ದೆಯಲ್ಲಿ ಯಾವ ಊರಲ್ಲಿ ದೂರು ಕೊಡಬೇಕು ಅನ್ನುವುದೇ ಒಂದು ವಾದವಾಗುತ್ತಿತ್ತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷ ಸಮಯವಿದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು.

ಕಷ್ಟ ಇರುವುದು ಸಾಕ್ಷಿಯಲ್ಲಿ. ನಾನು ತರಿಸಿದ ಇಯರ್‌ಫೋನ್ ನಕಲಿ ಅಂತ ಗೊತ್ತಾಗುವಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿತ್ತು, ಡಬ್ಬಿ ಗುಜರಿಗೆ ಹೋಗಿತ್ತು. ಡಬ್ಬಿ ಬಿಚ್ಚುವಾಗಿನ ವಿಡಿಯೊ, ಬಿಲ್ಲು, ಇದು ನಮ್ಮದಲ್ಲ ಎನ್ನುವ ಬ್ರಾಂಡ್ ಕಂಪನಿಯ ಒಂದು ಇಮೇಲ್, ಇವಿದ್ದರೆ ಮಾತಿಗೆ ತೂಕ ಬರುತ್ತದೆ. ಬಿಲ್ಲಿನಲ್ಲಿ ಮಾರಾಟಗಾರನ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಈಗ ನಾನು ಮೊದಲು ಓದುವುದು ಅದನ್ನೇ.