ಮುಚ್ಚಿಗೆ: ತೋಟದ ಕಸ ತೋಟದ ನೆಲಕ್ಕೇ ಮರಳುವ ಬಗೆ

ಗಿಡಮರಗಳ ಸುತ್ತಲಿನ ಬರಿ ನೆಲದ ಮೇಲೆ ಹರಡುವ ಹೊದಿಕೆಗೆ ಮುಚ್ಚಿಗೆ ಎನ್ನುತ್ತಾರೆ. ತರಗೆಲೆ, ಮರದ ಚಕ್ಕೆ, ತೊಗಟೆ, ಒಣಹುಲ್ಲು, ಅರೆಕೊಳೆತ ಗೊಬ್ಬರ, ಯಾವುದು ಬೇಕಾದರೂ ಆದೀತು. ಮಲ್ಚಿಂಗ್ ಎಂಬ ಮಾತು ಈಗ ಹೆಚ್ಚು ಚಾಲ್ತಿಯಲ್ಲಿದ್ದರೂ 'ಮುಚ್ಚು' ಎಂಬ ಕ್ರಿಯಾಪದದಿಂದ ಬಂದ ಈ ಪದವೇ ಹೆಚ್ಚು ಉಪಯುಕ್ತ, ಏಕೆಂದರೆ ಕೆಲಸದ ಮೊದಲ ನಿಯಮ ಅದರೊಳಗೇ ಇದೆ. ಇದು ಮೇಲೆ ಮುಚ್ಚುವ ವಸ್ತು, ಮಣ್ಣಿಗೆ ಬೆರೆಸುವ ವಸ್ತುವಲ್ಲ. ಗೊಬ್ಬರ ಪೂರ್ತಿ ಕಳಿತ ಮೇಲೆ ಮಣ್ಣಿಗೆ ಸೇರುತ್ತದೆ. ಮುಚ್ಚಿಗೆ ನೆಲದ ಮೇಲೆಯೇ ಕೂತು, ಮಣ್ಣಿಗೆ ತಾಗಿದ ಕಡೆಯಿಂದ ನಿಧಾನವಾಗಿ ಕೊಳೆಯುತ್ತ ಬರುತ್ತದೆ.

ನಗರದ ಉದ್ಯಾನ, ರಸ್ತೆ ಬದಿಯ ಸಾಲುಮರ, ವಸತಿ ಸಮುಚ್ಚಯದ ಹೂದೋಟ, ಎಲ್ಲಿಯೇ ಆಗಲಿ ನಿರ್ವಹಣೆಯಿಂದ ಹೊರಬೀಳುವ ಕಸವೆಂದರೆ ಮುಖ್ಯವಾಗಿ ಎಲೆ, ಸವರಿದ ರೆಂಬೆ, ಕತ್ತರಿಸಿದ ಹುಲ್ಲು. ಅದನ್ನು ಗುಡಿಸಿ ಚೀಲಕ್ಕೆ ತುಂಬಿ ಹೊರಗೆ ಸಾಗಿಸುತ್ತಾರೆ, ಇಲ್ಲವೇ ಮೂಲೆಯಲ್ಲಿ ಸುಡುತ್ತಾರೆ. ಆಮೇಲೆ ಅದೇ ನೆಲಕ್ಕೆ ಗೊಬ್ಬರ ಕೊಂಡು ತಂದು, ದಿನವೂ ನೀರು ಹಾಯಿಸುತ್ತಾರೆ. ನೆಲದಿಂದ ಎದ್ದದ್ದನ್ನು ಹೊರಗೆ ಕಳಿಸಿ, ಅದರ ಬದಲಿಗೆ ಇನ್ನೊಂದನ್ನು ಹಣ ಕೊಟ್ಟು ತರುವ ಈ ಸುತ್ತನ್ನು ಕಡಿಯಲು ದೊಡ್ಡ ಗೊಬ್ಬರ ಘಟಕವೇ ಬೇಕಿಲ್ಲ. ಉದುರಿದ್ದು ಅಲ್ಲೇ ಉಳಿದರೆ ಅರ್ಧ ಕೆಲಸ ಆದಂತೆ.

ಮುಚ್ಚಿಗೆ ಬಿಸಿಲನ್ನು ತಡೆಯುವುದರಿಂದ ಮಣ್ಣಿನ ಮೇಲ್ಪದರದ ತೇವ ಬೇಗ ಆರುವುದಿಲ್ಲ, ಬೇರು ಬಿಸಿಯಾಗುವುದಿಲ್ಲ. ಮಳೆಹನಿ ನೇರವಾಗಿ ಮಣ್ಣಿಗೆ ಬಡಿದರೆ ಕಣಗಳು ಸಿಡಿದು, ಒಣಗಿದಾಗ ಮೇಲೆ ಹೆಪ್ಪು ಕಟ್ಟುತ್ತದೆ. ಹೊದಿಕೆಯಿದ್ದರೆ ಹನಿಯ ಹೊಡೆತ ಅಲ್ಲೇ ಮುಗಿದು ನೀರು ಮೆಲ್ಲನೆ ಇಂಗುತ್ತದೆ. ಬೆಳಕು ಸಿಗದೆ ಕಳೆ ಬೀಜಗಳು ಮೊಳೆಯುವುದು ಕಡಿಮೆಯಾಗುತ್ತದೆ. ಆದರೆ ಬೀಜದಿಂದ ಬರುವ ಕಳೆಗೆ ಮಾತ್ರ ಈ ಮಾತು ಸಲ್ಲುತ್ತದೆ. ಕೊನ್ನಾರಿ ಗಡ್ಡೆ, ಗರಿಕೆಯಂಥವು ನೆಲದೊಳಗಿನ ಗಡ್ಡೆ, ಕಾಂಡಗಳಿಂದ ಚಿಗುರಿ ಯಾವ ಹೊದಿಕೆಯನ್ನೂ ತೂರಿ ಮೇಲೆ ಬರುತ್ತವೆ. ಅವನ್ನು ಮೊದಲೇ ಅಗೆದು ತೆಗೆಯಬೇಕು.

ಯಾವ ವಸ್ತುವನ್ನು ಎಲ್ಲಿ ಬಳಸಬೇಕೆಂದು ತಿಳಿಯಲು ಇಂಗಾಲ ಮತ್ತು ಸಾರಜನಕದ ಅನುಪಾತ ಗೊತ್ತಿರಬೇಕು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹದವಾದ ಆಹಾರವೆಂದರೆ ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ. ಹಸಿ ಹುಲ್ಲಿನಲ್ಲಿ ಇದು 20:1ರ ಆಸುಪಾಸು, ತರಗೆಲೆಯಲ್ಲಿ ಸಾಮಾನ್ಯವಾಗಿ 40:1ರಿಂದ 80:1, ಮರದ ಚಕ್ಕೆಯಲ್ಲಿ ಕೆಲವು ನೂರು ಪಾಲಿಗೆ ಒಂದು. ಇಂಗಾಲವೇ ತುಂಬಿದ ಚಕ್ಕೆಯನ್ನು ಕೊಳೆಸುವ ಜೀವಿಗಳು ತಮಗೆ ಸಾಲದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಚಕ್ಕೆ ಹಾಕಿದರೆ ಗಿಡ ಹಳದಿಯಾಗುತ್ತದೆ ಎಂಬ ಭಯ ಬಂದದ್ದು ಇಲ್ಲಿಂದ. ಅದು ಅರ್ಧ ಮಾತ್ರ ನಿಜ. ಮೇಲೆ ಹಾಸಿದ ಚಕ್ಕೆ ಸಾರಜನಕ ಎಳೆಯುವುದು ಮಣ್ಣಿಗೆ ತಾಗುವ ತೆಳು ಪದರದಿಂದಷ್ಟೇ, ಆಳದಲ್ಲಿರುವ ಮರ ಮತ್ತು ಪೊದೆಗಳ ಬೇರಿಗೆ ಅದರಿಂದ ಬಾಧಕವಿಲ್ಲ. ಅದನ್ನೇ ಗುದ್ದಲಿಯಿಂದ ಮಣ್ಣಿಗೆ ಬೆರೆಸಿದರೆ ಬೇರಿನ ವಲಯದುದ್ದಕ್ಕೂ ಕೊರತೆ ಉಂಟಾಗುತ್ತದೆ. ಹಾಗಾಗಿ ಹಸಿ ಚಕ್ಕೆ ಮರ, ಪೊದೆಗಳಿಗೆ ಒಳ್ಳೆಯದು. ಮೇಲ್ಮಟ್ಟದ ಬೇರಿನ ಹೂಗಿಡ, ಎಳೆ ಸಸಿ, ತರಕಾರಿ ಮಡಿಗಳಿಗೆ ಪುಡಿಯಾದ ತರಗೆಲೆಯೋ ಅರೆಕೊಳೆತ ಗೊಬ್ಬರವೋ ಸೂಕ್ತ.

ಪ್ರತಿ ವಸ್ತುವಿಗೂ ಅದರದೇ ಹದವಿದೆ. ಅಗಲ ಎಲೆಗಳನ್ನು ಇಡಿಯಾಗಿ ಹರಡಿದರೆ ಒಂದರ ಮೇಲೊಂದು ಅಂಟಿಕೊಂಡು ಚಾಪೆಯಂತಾಗಿ ಮಳೆನೀರು ಪಕ್ಕಕ್ಕೆ ಜಾರಿಹೋಗುತ್ತದೆ. ಹುಲ್ಲು ಕತ್ತರಿಸುವ ಯಂತ್ರವನ್ನು ಎಲೆಯ ಮೇಲೆ ಎರಡು ಸಲ ಓಡಿಸಿದರೆ ಸಾಕು, ಪುಡಿಯಾಗುತ್ತದೆ, ಗಾಳಿಗೆ ಹಾರುವುದೂ ತಪ್ಪುತ್ತದೆ. ರೆಂಬೆಗಳನ್ನು ಚಿಪ್ಪರ್ ಯಂತ್ರಕ್ಕೆ ಕೊಟ್ಟಾಗ 2ರಿಂದ 5 ಸೆಂ.ಮೀ. ಗಾತ್ರದ ಒರಟು ಚಕ್ಕೆ ಬಂದರೆ ಅದೇ ಉತ್ತಮ, ಗಾಳಿಯೂ ನೀರೂ ಸಲೀಸಾಗಿ ಇಳಿಯುತ್ತವೆ. ನುಣ್ಣನೆ ಮರದ ಹುಡಿ ಬೇಡ, ಅದು ಒತ್ತಿಕೊಂಡು ಗಟ್ಟಿಯಾಗುತ್ತದೆ. ಹಸಿ ಹುಲ್ಲನ್ನು 1ರಿಂದ 2 ಸೆಂ.ಮೀ. ಪದರವಾಗಿ ಮಾತ್ರ ಹರಡಿ, ಅದು ಒಣಗಿದ ಮೇಲೆಯೇ ಮುಂದಿನ ಪದರ ಹಾಕಬೇಕು. ದಪ್ಪವಾಗಿ ಸುರಿದರೆ ಒಳಗೆ ಗಾಳಿಯಾಡದೆ ಲೋಳೆಯಾಗಿ ನಾರುತ್ತದೆ. ಹುಲ್ಲುಹಾಸಿನ ಹುಲ್ಲಿಗಂತೂ ಹೊರಗೆ ಹೋಗುವ ಅಗತ್ಯವೇ ಇಲ್ಲ: ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ, ಚೂರುಗಳು ಹುಲ್ಲಿನ ನಡುವೆಯೇ ಇಳಿದು ಕೊಳೆಯುತ್ತವೆ.

ಲೆಕ್ಕ ಸುಲಭ. ಒಂದು ಚದರ ಮೀಟರಿಗೆ 1 ಸೆಂ.ಮೀ. ದಪ್ಪಕ್ಕೆ 10 ಲೀಟರ್ ವಸ್ತು ಬೇಕು. ಒರಟು ಚಕ್ಕೆಯ ದಪ್ಪ 8 ಸೆಂ.ಮೀ. ಇರಲಿ, ಅಂದರೆ ಚದರ ಮೀಟರಿಗೆ 80 ಲೀಟರ್. ಒಂದು ಘನ ಮೀಟರ್ ಚಕ್ಕೆ 12.5 ಚದರ ಮೀಟರಿಗೆ ಬರುತ್ತದೆ. ಮರದ ಸುತ್ತ 1 ಮೀಟರ್ ತ್ರಿಜ್ಯದ ವೃತ್ತಕ್ಕೆ ಸುಮಾರು 250 ಲೀಟರ್. ಪುಡಿ ಎಲೆ, ಗೊಬ್ಬರಕ್ಕೆ 5 ಸೆಂ.ಮೀ. ಸಾಕು. ಯಾವುದೇ ಆದರೂ 10 ಸೆಂ.ಮೀ. ದಾಟಬಾರದು. ಮೊದಲು ಕಳೆ ತೆಗೆದು, ಹನಿ ನೀರಾವರಿಯ ಕೊಳವೆಯಿದ್ದರೆ ಅದನ್ನು ನೆಲದ ಮೇಲೆ ಹಾಸಿ, ಮಣ್ಣನ್ನು ಚೆನ್ನಾಗಿ ನೆನೆಸಿ, ಆಮೇಲೆ ಹರಡಬೇಕು. ಒಣ ಮಣ್ಣಿನ ಮೇಲೆ ಹರಡಿದರೆ ಸಣ್ಣ ಮಳೆಯ ನೀರನ್ನೆಲ್ಲ ಹೊದಿಕೆಯೇ ಹೀರಿಕೊಂಡು, ಕೆಳಗಿನ ಮಣ್ಣು ಒಣಗಿಯೇ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು, ಎಲ್ಲಕ್ಕಿಂತ ಹೆಚ್ಚು ಮರಗಳನ್ನು ನಿಧಾನವಾಗಿ ಕೊಲ್ಲುವ ತಪ್ಪು ಕೂಡ, ಕಾಂಡಕ್ಕೆ ಒರಗಿಸಿ ಹುತ್ತದಂತೆ ರಾಶಿ ಹಾಕುವುದು. ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ, ಅದೇ ತೊಂದರೆ. ತೊಗಟೆ ಗಾಳಿಗೆ ತೆರೆದಿರಬೇಕಾದ ಭಾಗ. ಸದಾ ಒದ್ದೆಯಾಗಿದ್ದರೆ ಮೆತ್ತಗಾಗಿ ಕೊಳೆಯುತ್ತದೆ, ಶಿಲೀಂಧ್ರ ಒಳನುಗ್ಗುತ್ತದೆ. ರಾಶಿಯೊಳಗೆ ಹೊಸ ಬೇರುಗಳು ಹುಟ್ಟಿ ಕಾಂಡವನ್ನೇ ಸುತ್ತಿಕೊಂಡು, ವರ್ಷಗಳು ಕಳೆದಂತೆ ಬಿಗಿಯುತ್ತವೆ. ಇಲಿಗಳು ಅಲ್ಲಿ ಅಡಗಿ ತೊಗಟೆ ಕಡಿಯುತ್ತವೆ. ಕಾಂಡ ಅಗಲಗೊಂಡು ಬೇರುಗಳಾಗಿ ಕವಲೊಡೆಯುವ ಬುಡ ಕಣ್ಣಿಗೆ ಕಾಣುತ್ತಿರಬೇಕು, ಅದರ ಸುತ್ತ 10ರಿಂದ 15 ಸೆಂ.ಮೀ. ಬರಿ ನೆಲ ಬಿಡಬೇಕು. ಆಕಾರ ಗುಡ್ಡದ್ದಲ್ಲ, ತಟ್ಟೆಯದು: ಅಂಚು ತುಸು ಎತ್ತರ, ನಡು ತಗ್ಗು.

ಎರಡನೆಯ ತೊಂದರೆ ಶೇಖರಣೆಯಲ್ಲಿ ಹುಟ್ಟುತ್ತದೆ. ಹಸಿ ಚಕ್ಕೆಯನ್ನು ಎತ್ತರದ ರಾಶಿಯಾಗಿ ಬಹಳ ದಿನ ಬಿಟ್ಟರೆ ಒಳಗೆ ಆಮ್ಲಜನಕ ಮುಗಿದು ಅಸಿಟಿಕ್ ಆಮ್ಲದಂಥವು ತುಂಬಿಕೊಳ್ಳುತ್ತವೆ. ರಾಶಿ ಬಗೆದಾಗ ಮಣ್ಣಿನ ವಾಸನೆಯ ಬದಲು ವಿನೆಗರ್ ಅಥವಾ ಕೊಳೆತ ಮೊಟ್ಟೆಯ ಘಾಟು ಬಂದರೆ ಅದನ್ನು ಹರಡಬೇಡಿ. ಎಳೆ ಗಿಡಗಳ ಎಲೆಯಂಚು ಒಂದೆರಡು ದಿನದಲ್ಲೇ ಸುಟ್ಟಂತಾಗುತ್ತದೆ. ತೆಳುವಾಗಿ ಹರಡಿ ಕೆಲವು ದಿನ ಗಾಳಿಯಾಡಿಸಿದರೆ ಘಾಟು ಹೋಗುತ್ತದೆ, ಆಮೇಲೆ ಬಳಸಬಹುದು. ಹಾಕಿಯೇ ಆಗಿದ್ದರೆ ತೆಗೆದು, ಮಣ್ಣಿಗೆ ಧಾರಾಳವಾಗಿ ನೀರು ಬಿಡಬೇಕು.

ಮುಚ್ಚಿಗೆಯ ಕೆಳಗೆ ಬಿಳಿ ನೂಲಿನಂಥ ಶಿಲೀಂಧ್ರ ಕಂಡು ಹೆದರಬೇಕಿಲ್ಲ, ಕೊಳೆಸುವ ಕೆಲಸ ನಡೆದಿದೆ ಎಂಬುದರ ಗುರುತು ಅದು. ಗೆದ್ದಲಿನ ವಿಷಯದಲ್ಲಿ ಎಚ್ಚರ ಬೇಕು. ಕಟ್ಟಡದ ಗೋಡೆಯಿಂದ ಕನಿಷ್ಠ 30 ಸೆಂ.ಮೀ. ದೂರ ಹೊದಿಕೆಯಿಲ್ಲದೆ ಇದ್ದರೆ ಗೆದ್ದಲಿನ ಮಣ್ಣುಗೆರೆ ಗೋಡೆ ಹತ್ತುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಮರುಬಳಕೆಯ ಹೆಸರಿನಲ್ಲಿ ಬರುವುದೆಲ್ಲ ಒಳ್ಳೆಯದಲ್ಲ. ಬಣ್ಣ ಬಳಿದ ಹಲಗೆ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳಿಂದ ಸಂಸ್ಕರಿಸಿದ ಹಸಿರು ಛಾಯೆಯ ಹಳೆ ಮರವನ್ನು ಎಂದೂ ಚಕ್ಕೆ ಮಾಡಬಾರದು, ಆ ಲೋಹಗಳು ಮಣ್ಣಿನಲ್ಲೇ ಉಳಿಯುತ್ತವೆ. ಹಳೆ ಟೈರಿನ ರಬ್ಬರ್ ಚೂರು ಬಿಸಿಲಿಗೆ ಕಾದು, ಸತುವನ್ನು ಮಣ್ಣಿಗೆ ಬಿಡುತ್ತದೆ, ಎಂದೂ ಮಣ್ಣಾಗುವುದಿಲ್ಲ. ಗಿಡದ ಬುಡಕ್ಕೆ ಅದು ಸಲ್ಲದು. ಚಕ್ಕೆಯ ಕೆಳಗೆ ಪ್ಲಾಸ್ಟಿಕ್ ಬಟ್ಟೆ ಹಾಸುವುದೂ ಅಷ್ಟೇ ವ್ಯರ್ಥ. ಮೇಲೆ ಕೊಳೆತ ಗೊಬ್ಬರ ಮಣ್ಣಿಗೆ ಸೇರಲಾಗದೆ ಅಲ್ಲೇ ಶೇಖರವಾಗಿ, ಒಂದೆರಡು ವರ್ಷದಲ್ಲಿ ಅದರಲ್ಲೇ ಕಳೆ ಬೆಳೆಯುತ್ತದೆ. ಬೇರು ಬಟ್ಟೆಗೆ ಹೆಣೆದುಕೊಂಡ ಆ ಕಳೆಯನ್ನು ಕೀಳುವುದು ಇನ್ನೂ ಕಷ್ಟ. ಬೀಜ ಕಟ್ಟಿದ ಕಳೆಯನ್ನು ನೇರವಾಗಿ ಹೊದಿಸದೆ, 55 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಬಿಸಿಯಾಗುವ ಗೊಬ್ಬರದ ರಾಶಿಗೆ ಹಾಕಬೇಕು. ಕಳೆನಾಶಕ ಸಿಂಪಡಿಸಿದ ಹುಲ್ಲಿನ ಬಗ್ಗೆ ಅನುಮಾನವಿದ್ದರೆ, ಅದನ್ನು ಮಣ್ಣಿಗೆ ಬೆರೆಸಿ ಕುಂಡದಲ್ಲಿ ನಾಲ್ಕಾರು ಬೀನ್ಸ್ ಬೀಜ ಊರಿ ಮೂರು ವಾರ ನೋಡಿ. ಎಲೆ ಬಟ್ಟಲಿನಂತೆ ಮುದುರಿದರೆ ಆ ಹುಲ್ಲು ತೋಟಕ್ಕೆ ಬೇಡ, ಏಕೆಂದರೆ ಕ್ಲೊಪಿರಾಲಿಡ್‌ನಂಥ ಕೆಲವು ಕಳೆನಾಶಕಗಳು ಗೊಬ್ಬರವಾದ ಮೇಲೂ ಉಳಿದಿರುತ್ತವೆ.

ವರ್ಷಕ್ಕೊಮ್ಮೆ ಹೊಸದಾಗಿ ಸುರಿಯುವ ಮೊದಲು ಹಳೆಯದರೊಳಗೆ ಕೈ ಹಾಕಿ ದಪ್ಪ ಅಳೆಯಿರಿ. ಕುಗ್ಗಿದಷ್ಟನ್ನೇ ತುಂಬಿಸಿದರೆ ಸಾಕು. ಮೇಲ್ಪದರ ಹೆಪ್ಪುಗಟ್ಟಿದ್ದರೆ ಕುಂಟೆಕೋಲಿನಿಂದ ಕೆದಕಿ ಸಡಿಲಿಸಿ. ಕೆಳಗಿನ ಮಣ್ಣು ಕಪ್ಪಗೆ, ಪುಡಿಪುಡಿಯಾಗಿ, ಎರೆಹುಳುವಿನ ಹಿಕ್ಕೆಯಿಂದ ಕೂಡಿದ್ದರೆ ಅದನ್ನು ಅಗೆಯದೆ ಹಾಗೆಯೇ ಬಿಡಿ.