ಮುಂಬಯಿ ವಿಶ್ವವಿದ್ಯಾಲಯದ ಫೋರ್ಟ್ ಕ್ಯಾಂಪಸ್: ನೋಡುವ ಮೊದಲು ಓದಿಕೊಳ್ಳಬೇಕಾದದ್ದು

ಫೋರ್ಟ್ ಕ್ಯಾಂಪಸ್ಸಿನಲ್ಲಿ ಘಟಿಕೋತ್ಸವ ಸಭಾಂಗಣವಿದೆ, ಗ್ರಂಥಾಲಯವಿದೆ, ಗಡಿಯಾರದ ಗೋಪುರವಿದೆ. ಈ ಮೂಲ ಕಟ್ಟಡಗಳಲ್ಲಿ ಯಾವುದೂ ತರಗತಿಗೆಂದು ಕಟ್ಟಿದ್ದಲ್ಲ. ಏಕೆ ಎಂಬುದು ತಿಳಿದರೆ ಅರ್ಧ ಇತಿಹಾಸ ತಿಳಿದಂತೆ.

1854ರ ವುಡ್ಸ್ ಡಿಸ್ಪ್ಯಾಚಿನ (ಭಾರತದ ಶಿಕ್ಷಣದ ಬಗ್ಗೆ ಬ್ರಿಟಿಷರು ಕಳಿಸಿದ ಪತ್ರ) ಸಲಹೆಯಂತೆ 1857ರ ಜುಲೈ 18ರಂದು ಹುಟ್ಟಿದ ಈ ಸಂಸ್ಥೆಗೆ ಮಾದರಿ ಲಂಡನ್ ವಿಶ್ವವಿದ್ಯಾಲಯ. ಆ ಕಾಲದಲ್ಲಿ ಪಾಠ ಹೇಳುವುದು ಕಾಲೇಜುಗಳ ಕೆಲಸ. ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ವಿಶ್ವವಿದ್ಯಾಲಯದ ಕೆಲಸ. ಆರಂಭದಲ್ಲಿ ಕಚೇರಿಯೂ ಟೌನ್ ಹಾಲಿನಲ್ಲೇ ಇತ್ತು. ಪಾಠ ಹೇಳುವ ವಿಭಾಗಗಳು ಬಂದದ್ದು ಬಹಳ ಆಮೇಲೆ: ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಅವರ ಸಮಾಜಶಾಸ್ತ್ರ ವಿಭಾಗ ಶುರುವಾದದ್ದು 1919ರಲ್ಲಿ. ನಮ್ಮ ಧಾರವಾಡದ ನಂಟೂ ಇಲ್ಲಿಯದೇ: 1917ರ ಕರ್ನಾಟಕ ಕಾಲೇಜು ಸೇರಿದ್ದು ಮುಂಬಯಿ ವಿಶ್ವವಿದ್ಯಾಲಯಕ್ಕೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರುವವರೆಗೂ ಅಲ್ಲಿ ಓದಿದವರಿಗೆ ಪದವಿ ಸಿಗುತ್ತಿದ್ದುದು ಮುಂಬಯಿಯಿಂದ.

ನೋಡಲು ಚರ್ಚ್‌ಗೇಟ್ ರೈಲು ನಿಲ್ದಾಣದಲ್ಲಿ ಇಳಿದು ಓವಲ್ ಮೈದಾನದೊಳಗೆ ನಿಂತು ಪೂರ್ವಕ್ಕೆ ಮುಖ ಮಾಡಿ. ಬಲಗಡೆಯಿಂದ ಹಳೆಯ ಸಚಿವಾಲಯ, ಸಭಾಂಗಣ, ಗೋಪುರವಿರುವ ಗ್ರಂಥಾಲಯ, ಆಮೇಲೆ ಹೈಕೋರ್ಟ್. ಹೊಸಬರು ಹೈಕೋರ್ಟನ್ನೇ ವಿಶ್ವವಿದ್ಯಾಲಯ ಎಂದುಕೊಳ್ಳುವುದುಂಟು. ಗೋಪುರವನ್ನು ಗುರುತಿಟ್ಟುಕೊಂಡರೆ ಗೊಂದಲವಿಲ್ಲ. ಮುಂಭಾಗ ಪಶ್ಚಿಮಕ್ಕಿರುವುದರಿಂದ ಬೆಳಗ್ಗೆ ಕೆತ್ತನೆಯೆಲ್ಲ ನೆರಳಲ್ಲಿರುತ್ತದೆ, ಮಧ್ಯಾಹ್ನ ಮೂರರ ನಂತರ ಹೋಗಿ. ಕಟ್ಟಿದ ಕಾಲಕ್ಕೆ ಇವುಗಳ ಎದುರಿಗಿದ್ದದ್ದು ಸಮುದ್ರ. ಮರೀನ್ ಡ್ರೈವ್‌ವರೆಗಿನ ನೆಲ ಆಮೇಲೆ ಕಡಲನ್ನು ತುಂಬಿಸಿ ಮಾಡಿದ್ದು.

ಸಭಾಂಗಣ, ಗ್ರಂಥಾಲಯ ಎರಡೂ ಕಟ್ಟಡಗಳ ನಕ್ಷೆ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರದು. ಅವರು ಇಂಗ್ಲೆಂಡಿನಲ್ಲಿ ಕುಳಿತೇ ಬರೆದುಕೊಟ್ಟರು, ಮುಂಬಯಿಗೆ ಬರಲೇ ಇಲ್ಲ. ಹಣ ಮಾತ್ರ ಊರಿನದು. ಸಭಾಂಗಣಕ್ಕೆ ಕಾವಸ್‌ಜೀ ಜಹಾಂಗೀರ್ ರೆಡಿಮನಿ 1 ಲಕ್ಷ ರೂಪಾಯಿ ಕೊಟ್ಟರು. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಗ್ರಂಥಾಲಯಕ್ಕೆ 2 ಲಕ್ಷ, ತಾಯಿ ರಾಜಾಬಾಯಿಯ ಹೆಸರಿನ ಗೋಪುರಕ್ಕೆ ಮತ್ತೆ 2 ಲಕ್ಷ ಕೊಟ್ಟರು. ಇಸವಿ ನೋಡಿ, 1864. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಲಂಕಾಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತು, ಮುಂಬಯಿ ಹತ್ತಿಗೆ ಚಿನ್ನದ ಬೆಲೆ ಬಂದಿದ್ದ ಕಾಲ ಅದು. 1865ರಲ್ಲಿ ಯುದ್ಧ ಮುಗಿದು ಮಾರುಕಟ್ಟೆ ಕುಸಿಯಿತು, ಪ್ರೇಮಚಂದರೂ ಮುಳುಗಿದರು. ಒಂದೆರಡು ವರ್ಷ ತಡವಾಗಿದ್ದರೆ ಈ ಗೋಪುರ ಏಳುತ್ತಿತ್ತೆಂದು ನನಗನ್ನಿಸುವುದಿಲ್ಲ.

ಇಸವಿಗಳನ್ನು ಬೆರೆಸಬೇಡಿ. ಸಭಾಂಗಣ ಮುಗಿದದ್ದು 1874ರಲ್ಲಿ. ಗೋಪುರಕ್ಕೆ ಅಡಿಗಲ್ಲು 1869ರ ಮಾರ್ಚ್ 1ರಂದು, ಮುಗಿದದ್ದು 1878ರ ನವೆಂಬರಿನಲ್ಲಿ. ಎತ್ತರ 280 ಅಡಿ. ಅದರ ಮೈಮೇಲೆ ಪಶ್ಚಿಮ ಭಾರತದ ಜನಸಮುದಾಯಗಳ 24 ಕಲ್ಲಿನ ಮೂರ್ತಿಗಳಿವೆ. ಪೇಟ, ಉಡುಗೆ ಬಿಡಿಸಿ ನೋಡಲು ಬೈನಾಕ್ಯುಲರ್ ಬೇಕು. ಸಭಾಂಗಣದಲ್ಲಿ ದುಂಡು ಕಿಟಕಿಯ ಬಣ್ಣದ ಗಾಜನ್ನು ತಪ್ಪಿಸಬೇಡಿ, ಅದರಲ್ಲಿ 12 ರಾಶಿಗಳಿವೆ.

ಇದು ಇವತ್ತಿಗೂ ಕೆಲಸ ನಡೆಯುವ ಕಚೇರಿ. ಗುರುತಿನ ಚೀಟಿ ಒಯ್ಯಿರಿ, ಒಳಗೆ ಹೋಗಲು ಮುಂಚೆಯೇ ಅನುಮತಿ ಕೇಳಿ. ಕನ್ನಡ ವಿಭಾಗ ಹುಡುಕಿಕೊಂಡು ಇಲ್ಲಿಗೆ ಬರಬೇಡಿ, ಅದು ಕಲೀನಾದ ವಿದ್ಯಾನಗರಿ ಕ್ಯಾಂಪಸ್ಸಿನಲ್ಲಿದೆ.