ವೈಫೈ ಬೇಕು, ಮುಚ್ಚಿದ ಫರ್ಮ್‌ವೇರ್ ಬೇಡ: ಏನು ಮಾಡೋದು?

ಪ್ರಶ್ನೆ: ಯಾರು ಬೇಕಾದರೂ ಒಳಗೆ ನೋಡಿ ಬದಲಿಸಬಹುದಾದ ಸ್ವತಂತ್ರ ತಂತ್ರಾಂಶವನ್ನೇ ಬಳಸಬೇಕು ಅಂತ ಲ್ಯಾಪ್‌ಟಾಪ್‌ಗೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿಕೊಂಡೆ. ವೈಫೈ ಸಲೀಸಾಗಿ ನಡೆಯಿತು. ಆಮೇಲೆ ನೋಡಿದರೆ ಅದರ ಜೊತೆಗೆ ಕಂಪನಿಯ ಮುಚ್ಚಿದ ಫರ್ಮ್‌ವೇರ್ ಕೂಡ ಬಂದು ಕೂತಿದೆ. ತೆಗೆದರೆ ವೈಫೈ ಇಲ್ಲ. ಇಟ್ಟುಕೊಂಡರೆ ಇಷ್ಟೆಲ್ಲ ಮಾಡಿದ್ದಕ್ಕೆ ಅರ್ಥ ಏನು?

ಉತ್ತರ: ಇಟ್ಟುಕೊಳ್ಳಿ. ಆದರೆ ಏನು ಇಟ್ಟುಕೊಂಡಿದ್ದೀರಿ, ಯಾಕೆ ಅನ್ನೋದು ನಿಮಗೆ ಗೊತ್ತಿರಲಿ. ನನಗೆ ಮುಖ್ಯ ಅನ್ನಿಸೋದು ಈ ಎರಡನೇ ಮಾತು.

ಮೊದಲು ಆ ಫರ್ಮ್‌ವೇರ್ ಫೈಲ್ ಏನು ಮಾಡುತ್ತೆ ನೋಡೋಣ. ವೈಫೈ ಕಾರ್ಡಿನೊಳಗೇ ಒಂದು ಪುಟ್ಟ ಪ್ರೊಸೆಸರ್ ಇರುತ್ತೆ. ಅದಕ್ಕೆ ಓಡಿಸಲು ಒಂದು ಪ್ರೋಗ್ರಾಮ್ ಬೇಕು, ಅದೇ ಫರ್ಮ್‌ವೇರ್. ಎಷ್ಟೋ ಕಾರ್ಡುಗಳಲ್ಲಿ ಆ ಪ್ರೋಗ್ರಾಮನ್ನು ಖಾಯಮ್ಮಾಗಿ ಇಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ಹಾಗಾಗಿ ಕಂಪ್ಯೂಟರ್ ಶುರುವಾದಾಗಲೆಲ್ಲ ಡಿಸ್ಕಿನಲ್ಲಿರುವ ಆ ಫೈಲನ್ನು ಲಿನಕ್ಸ್ ಓದಿ ಕಾರ್ಡಿಗೆ ಕಳಿಸುತ್ತೆ. ಇಂಟೆಲ್ ವೈಫೈ ಇದ್ದರೆ ನಿಮ್ಮ ಡೆಬಿಯನ್‌ನಲ್ಲಿ ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ ಅನ್ನೋ ಪ್ಯಾಕೇಜ್ ಇರುತ್ತೆ, ನೋಡಿ. ಅದರ ಮೂಲ ಸಂಕೇತವನ್ನು, ಅಂದರೆ ಪ್ರೋಗ್ರಾಮರುಗಳು ಬರೆದ ಸೋರ್ಸ್ ಕೋಡನ್ನು, ಇಂಟೆಲ್ ಹೊರಗೆ ಬಿಟ್ಟಿಲ್ಲ. ಅದರಲ್ಲಿ ದೋಷ ಇದ್ದರೆ ನೀವಾಗಲಿ ನಾನಾಗಲಿ ಸರಿಪಡಿಸುವ ಹಾಗಿಲ್ಲ. ನಿಮಗೆ ಬೇಜಾರಾಗಿದ್ದು ನ್ಯಾಯವಾಗಿಯೇ ಇದೆ.

ಈ ಬೇಜಾರನ್ನು ಡೆಬಿಯನ್‌ನವರೂ ವರ್ಷಗಟ್ಟಲೆ ಅನುಭವಿಸಿದ್ದಾರೆ. 1997ರಲ್ಲಿ ಅವರು ತಮ್ಮ ಧ್ಯೇಯಗಳನ್ನು ಬರೆದು ಒಪ್ಪಿಕೊಂಡ ಸಾಮಾಜಿಕ ಒಪ್ಪಂದದ ನಾಲ್ಕನೇ ಅಂಶವೇ, ನಮಗೆ ಬಳಕೆದಾರರೂ ಮುಖ್ಯ, ಸ್ವತಂತ್ರ ತಂತ್ರಾಂಶವೂ ಮುಖ್ಯ ಅನ್ನುತ್ತೆ. ಎರಡೂ ಒಟ್ಟಿಗೆ ಸಾಗದಿದ್ದಾಗ ಏನು ಮಾಡಬೇಕು? ಬಹಳ ಕಾಲ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಮುಚ್ಚಿದ ಫರ್ಮ್‌ವೇರ್ ಇರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ನಡುವೆ ನಿಂತು, ಇಂಥ ಫೈಲ್ ಬೇಕು, ಪೆನ್‌ಡ್ರೈವ್‌ನಲ್ಲಿದ್ದರೆ ಕೊಡಿ ಅಂತ ಕೇಳುತ್ತಿತ್ತು. ಈಥರ್ನೆಟ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪ್, ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಫರ್ಮ್‌ವೇರ್ ಸೇರಿಸಿದ ಅನಧಿಕೃತ ಇನ್‌ಸ್ಟಾಲರ್ ಕೂಡ ಇತ್ತು. ಆದರೆ ಹೊಸಬರಿಗೆ ಅದು ಸುಲಭಕ್ಕೆ ಕಣ್ಣಿಗೆ ಬೀಳುತ್ತಿರಲಿಲ್ಲ. ನೆರವು ಜಾಸ್ತಿ ಬೇಕಾಗಿದ್ದವರೇ ಬಾಗಿಲಿಂದ ವಾಪಸ್ ಹೋಗುವಂತಾಗಿತ್ತು.

2022ರಲ್ಲಿ ಡೆಬಿಯನ್ ಸದಸ್ಯರು ಇದನ್ನು ಮತಕ್ಕೆ ಹಾಕಿದರು. ಒಪ್ಪಂದದ ಮಾತನ್ನೇ ಬದಲಿಸಬೇಕಾದರೆ ಬೇಡ ಅನ್ನುವ ಒಂದೊಂದು ಮತಕ್ಕೆ ಬೇಕು ಅನ್ನುವ ಮೂರು ಮತದ ಬಹುಮತ ಬೇಕು. ಅದು ಸಿಕ್ಕಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಇರುತ್ತೆ. ನನಗೆ ತುಂಬಾ ಹಿಡಿಸಿದ್ದು ಅದನ್ನು ಮಾಡಿದ ರೀತಿ. ಉಳಿದ ಸ್ವತಂತ್ರ ತಂತ್ರಾಂಶದ ಜೊತೆ ಸುಮ್ನೆ ಕಲಸಿ ಬಿಡಲಿಲ್ಲ. ನಾನ್-ಫ್ರೀ-ಫರ್ಮ್‌ವೇರ್ ಅಂತ ಬೇರೆಯೇ ವಿಭಾಗ ಮಾಡಿದರು. ಬೇಡ ಅನ್ನುವವರು ಇನ್‌ಸ್ಟಾಲರ್ ಶುರುವಾಗುವಾಗಲೇ ಅದನ್ನು ನಿಲ್ಲಿಸುವ ದಾರಿ ಇಟ್ಟರು. ರಾಜಿ ಮಾಡಿಕೊಂಡರು ನಿಜ, ಆದರೆ ಅದರ ಮೇಲೆ ಹೆಸರು ಬರೆದು ಎಲ್ಲರಿಗೂ ಕಾಣುವ ಹಾಗೆ ಇಟ್ಟರು.

ಇದನ್ನೂ ಒಪ್ಪದವರಿದ್ದಾರೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅನ್ನೋ ಸ್ವತಂತ್ರ ತಂತ್ರಾಂಶದ ಸಂಸ್ಥೆ ಡೆಬಿಯನ್ನನ್ನು ತಾನು ಶಿಫಾರಸು ಮಾಡುವ ಲಿನಕ್ಸ್‌ಗಳ ಪಟ್ಟಿಗೆ ಸೇರಿಸಿಕೊಂಡಿಲ್ಲ. ಅದು ಶಿಫಾರಸು ಮಾಡುವ ಟ್ರಿಸ್ಕೆಲ್‌ನಂಥವುಗಳಲ್ಲಿ ಮುಚ್ಚಿದ ಫೈಲ್ ಒಂದೂ ಇರುವುದಿಲ್ಲ. ಅವರ ಹಟದ ಬಗ್ಗೆ ನನಗೆ ಗೌರವ ಇದೆ. ಅಂಥವರು ಒತ್ತಾಯ ಮಾಡದೇ ಇದ್ದಿದ್ದರೆ ಎಷ್ಟೋ ಡ್ರೈವರ್‌ಗಳು ಇವತ್ತಿಗೂ ತೆರೆದುಕೊಳ್ಳುತ್ತಿರಲಿಲ್ಲ. ಆದರೆ ಒಂದು ಕಡೆ ನನಗೆ ಅವರ ವಾದ ಒಪ್ಪಿಗೆಯಾಗುವುದಿಲ್ಲ. ಅದೇ ಮುಚ್ಚಿದ ಪ್ರೋಗ್ರಾಮನ್ನು ಕಾರ್ಖಾನೆಯಲ್ಲೇ, ಬದಲಿಸಲು ಬಾರದ ಹಾಗೆ ಚಿಪ್ಪಿನೊಳಗೆ ಬರೆದಿದ್ದರೆ ಅವರು ಅದನ್ನು ಯಂತ್ರದ ಭಾಗ ಅಂತ ಬಿಟ್ಟುಬಿಡುತ್ತಾರೆ. ಕಣ್ಣಿಗೆ ಕಾಣದ ಫರ್ಮ್‌ವೇರ್‌ನಿಂದ ನಮ್ಮ ಸ್ವಾತಂತ್ರ್ಯ ಜಾಸ್ತಿ ಆಗುವುದಿಲ್ಲ, ಅಲ್ವಾ? ಪ್ರೊಸೆಸರ್‌ನ ಮೈಕ್ರೋಕೋಡ್ ಅನ್ನೋ ಒಳಗಿನ ಪ್ರೋಗ್ರಾಮಿನ ಕಥೆಯೂ ಅಷ್ಟೇ. 2018ರಲ್ಲಿ ಪ್ರೊಸೆಸರ್‌ಗಳಲ್ಲಿ ಸ್ಪೆಕ್ಟರ್ ಅನ್ನೋ ಭದ್ರತಾ ದೋಷ ಬಯಲಾದ ಮೇಲೆ ಇಂಟೆಲ್ ಹೊಸ ಮೈಕ್ರೋಕೋಡ್ ಕೊಟ್ಟಿತು. ಅದು ಮುಚ್ಚಿದ್ದು ಅಂತ ಹಾಕದೇ ಇದ್ದರೆ ಒಳಗೆ ಉಳಿಯುವುದು ಹಳೆಯದು. ಅದೂ ಮುಚ್ಚಿದ್ದೇ, ಮೇಲಿಂದ ದೋಷ ಬೇರೆ.

ಹಾಗಾದರೆ ಎಲ್ಲಿ ಬಿಟ್ಟುಕೊಡಬಾರದು? ನೀವು ಬರೆದಿದ್ದು, ಕೂಡಿಟ್ಟಿದ್ದು ಇರುವ ಕಡೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಒಂದೊಂದು ಫಾಂಟಿಗೆ ಕಟ್ಟಿಹಾಕಿದ ಹಾಗೆ ಟೈಪ್ ಮಾಡಿಟ್ಟ ಕಡತಗಳು ಎಷ್ಟಿಲ್ಲ! ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ವೈಫೈ ಕಾರ್ಡು ಕೆಟ್ಟರೆ ಬದಲಿಸಬಹುದು. ಹತ್ತು ವರ್ಷದ ಬರಹ ಓದಲು ಬಾರದಿದ್ದರೆ ಏನು ಮಾಡುತ್ತೀರಿ? ಆದ್ದರಿಂದ ಟೈಪ್ ಮಾಡುವುದು ಯೂನಿಕೋಡ್‌ನಲ್ಲಿರಲಿ. ಕಡತಗಳನ್ನು ಓಡಿಎಫ್‌ನಲ್ಲಿ ಇಡಿ. ಅದು ಎಲ್ಲರಿಗೂ ತೆರೆದ ಕಡತದ ರೂಪ. 2006ರಿಂದ ಅದು ಐಎಸ್‌ಒದ ಅಂತರರಾಷ್ಟ್ರೀಯ ಮಾನಕ, ಲಿಬ್ರೆಆಫೀಸ್ ಅನ್ನೋ ಸ್ವತಂತ್ರ ಆಫೀಸ್ ತಂತ್ರಾಂಶ ಅದರಲ್ಲೇ ಉಳಿಸುತ್ತೆ. ಬ್ಯಾಂಕಿನ ಆ್ಯಪ್, ಆಫೀಸಿನವರು ಹೇಳಿದ ವಿಡಿಯೋ ಕಾಲ್ ಇವೆಲ್ಲ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಕೊರಗಬೇಡಿ.

ಇನ್ನು ಆ ಫರ್ಮ್‌ವೇರ್ ವಿಷಯ. ಡೆಬಿಯನ್ 12ರಲ್ಲಿ ಚೆಕ್-ಡಿಎಫ್‌ಎಸ್‌ಜಿ-ಸ್ಟೇಟಸ್ ಅನ್ನೋ ಪುಟ್ಟ ಪ್ರೋಗ್ರಾಮ್ ಇದೆ. ಹಳಬರಿಗೆ ಇದೇ ಕೆಲಸ ಮಾಡುತ್ತಿದ್ದ ವಿಆರ್‌ಎಮ್‌ಎಸ್ ನೆನಪಿರಬಹುದು. ಈ ಹೊಸದನ್ನು ಓಡಿಸಿ. ನಿಮ್ಮ ಯಂತ್ರದಲ್ಲಿ ಸ್ವತಂತ್ರವಲ್ಲದ ಪ್ಯಾಕೇಜ್ ಯಾವುವು ಅಂತ ಪಟ್ಟಿ ಕೊಡುತ್ತೆ. ಸಾಮಾನ್ಯವಾಗಿ ನಾಲ್ಕಾರು ಹೆಸರು ಬರಬಹುದು, ಅಷ್ಟೇ. ಒಂದೊಂದನ್ನೂ ನೋಡಿ, ಇದಕ್ಕೆ ಬದಲಿ ಇದೆಯಾ ಅಂತ ಕೇಳಿಕೊಳ್ಳಿ.

ವೈಫೈಗಂತೂ ಒಂದು ಬದಲಿ ಇದೆ. ಅಥೆರೋಸ್ ಎಆರ್9271 ಚಿಪ್ಪಿನ ಫರ್ಮ್‌ವೇರ್‌ನ ಮೂಲ ಸಂಕೇತ 2013ರಲ್ಲೇ ಸ್ವತಂತ್ರವಾಗಿ ಹೊರಬಂತು. ಈ ಚಿಪ್ ಇರುವ ಯುಎಸ್‌ಬಿ ಅಡಾಪ್ಟರ್ ಚುಚ್ಚಿದರೆ ಮುಚ್ಚಿದ ಫೈಲ್ ಇಲ್ಲದೆಯೇ ನೆಟ್ ಬರುತ್ತೆ. ಆದರೆ ಇದು 2.4 ಗಿಗಾಹರ್ಟ್ಸ್ ಮಾತ್ರ, ಹೆಚ್ಚೆಂದರೆ 150 ಎಂಬಿಪಿಎಸ್. ಮನೆಯ ರೌಟರ್‌ನ 5 ಗಿಗಾಹರ್ಟ್ಸ್ ಹೆಸರು ಅದಕ್ಕೆ ಕಾಣುವುದೇ ಇಲ್ಲ. ಮೇಲ್ ಓದಲು, ಬರೆಯಲು, ಬ್ರೌಸ್ ಮಾಡಲು ಸಾಕು. ಕೊಳ್ಳುವಾಗ ಒಂದು ಎಚ್ಚರ ಇರಲಿ: ಟಿಪಿ-ಲಿಂಕ್ ಡಬ್ಲ್ಯೂಎನ್722ಎನ್‌ನ ಮೊದಲ ವರ್ಷನ್‌ನಲ್ಲಿ ಮಾತ್ರ ಈ ಚಿಪ್ ಇದೆ. ಎರಡನೆಯದರಿಂದ ರಿಯಲ್‌ಟೆಕ್ ಚಿಪ್ ಬಂದಿದೆ, ಹೆಸರು ಮಾತ್ರ ಅದೇ. ಹಣ ಕೊಡುವ ಮೊದಲು ಹಿಂದಿನ ಸ್ಟಿಕ್ಕರ್‌ನಲ್ಲಿ ವರ್ಷನ್ ನಂಬರ್ ಓದಿ ನೋಡಿ.